ಅವಳು ತಿದ್ದಿದ ಅಕ್ಷರಗಳು

ಫೆಬ್ರವರಿ 3, ಸೋಮವಾರ

ಅಂಗಡಿ ತೆಗೆದೆ. ಕಲ್ಲಿನ ಪುಡಿ ಗುಡಿಸಿದೆ. ಲ್ಯಾಪ್‌ಟಾಪಿನದು ಇವತ್ತೂ ಅದೇ ರಗಳೆ — ಕಪ್ಪು ಪರದೆ, ಒಂದು ಸಾಲು ಇಂಗ್ಲಿಷ್, ಮುಂದಕ್ಕೂ ಇಲ್ಲ ಹಿಂದಕ್ಕೂ ಇಲ್ಲ. ಪಕ್ಕದಲ್ಲಿ ಕೆತ್ತುವ ಮೆಷಿನ್ ಸುಮ್ಮನೆ ನಿಂತಿದೆ. ಈ ಹಳೇ ಲ್ಯಾಪ್‌ಟಾಪ್ ಹೇಳಿದರೆ ಮಾತ್ರ ಕೇಳುತ್ತದೆ. ಮಗಳ ಹೊಸದನ್ನು ಜೋಡಿಸಿದರೆ ಕ್ಯಾರೇ ಅನ್ನಲಿಲ್ಲ.

ಸಮಾಧಿ ಕಲ್ಲು, ಮನೆ ಮುಂದಿನ ಹೆಸರಿನ ಫಲಕ — ಊರಿನ ಅರ್ಧ ಹೆಸರುಗಳು ನಮ್ಮ ಅಂಗಡಿಯವೇ. ಕಲ್ಲು ನನ್ನದು, ಅಕ್ಷರ ಹೆಂಡತಿಯದು. ಕಂಪ್ಯೂಟರಿನ ಅಕ್ಷರ ಅವಳಿಗೆ ಹಿಡಿಸುತ್ತಿರಲಿಲ್ಲ. ವರ್ಷಗಟ್ಟಲೆ ಕೂತು ಒಂದೊಂದನ್ನೇ ತಿದ್ದಿ, ದುಂಡಗೆ ಮಾಡಿ ಇಟ್ಟಿದ್ದಳು. ಎಲ್ಲ ಈ ಡಬ್ಬಿಯೊಳಗೇ ಇದೆ.

ಈಗ ಅವಳ ಕಲ್ಲೇ ಬಾಕಿ. ಹೋಗಿ ತಿಂಗಳಾಯಿತು. ಅವಳ ಹೆಸರು ಅವಳ ಅಕ್ಷರದಲ್ಲೇ ಆಗಬೇಕು. ಬೇರೆಯದು ನನಗೆ ಬೇಡ.

ಫೆಬ್ರವರಿ 5, ಬುಧವಾರ

ಕಂಪ್ಯೂಟರ್ ರಿಪೇರಿಯವರು ನಿನ್ನೆ ಒಯ್ದ ಲ್ಯಾಪ್‌ಟಾಪ್ ವಾಪಸ್ ತಂದರು. ಮುಖ ನೋಡಿದಾಗಲೇ ಗೊತ್ತಾಯಿತು.

“ಎಲ್ಲಾ ಥರ ನೋಡ್ದೆ ಯಜಮಾನ್ರೇ. ಅಮ್ಮೋರ ಅಕ್ಷರ ಇದ್ದ ಫೋಲ್ಡರೇ ಕೆಟ್ಟೋಗಿದೆ. ತೆಗೆಯೋಕಾಗಲ್ಲ.”

“ಮೆಷಿನ್ನೂ ಓಡಲ್ವಾ?”

“ಓಡತ್ತೆ. ಇದರ ರಿಕವರಿ ಡಿಸ್ಕ್ ಇದ್ರೆ ಹಾಕಿ. ಕೊಂಡ ದಿನ ಹೇಗಿತ್ತೋ ಹಾಗಾಗತ್ತೆ. ಆದ್ರೆ ಒಳಗಿರೋದೆಲ್ಲ ಅಳಿಸಿಹೋಗತ್ತೆ.”

ಕೊಂಡ ದಿನ ಅವಳಿಗೆ ಮೌಸ್ ಹಿಡಿಯಲೂ ಬರುತ್ತಿರಲಿಲ್ಲ. ನನಗೆ ಇವತ್ತಿಗೂ ಬರುವುದಿಲ್ಲ.

ಬೇಡ ಎಂದೆ. ಕೆಟ್ಟಿದ್ದರೂ ಒಳಗೇ ಇರಲಿ ಅನ್ನಿಸಿತು.

ಫೆಬ್ರವರಿ 19, ಬುಧವಾರ

ಇಷ್ಟು ದಿನ ಬರೆಯಲಿಲ್ಲ. ಬರೆಯುವುದೇನಿತ್ತು?

ಮಧ್ಯಾಹ್ನ ಮಗಳು ಸ್ಮಶಾನಕ್ಕೆ ಹೋಗಿ ಬಂದಳು. ಚಪ್ಪಲಿಯನ್ನೂ ಬಿಡದೆ ಕೇಳಿದಳು — “ಅಪ್ಪಾ, ಊರಿಗೆಲ್ಲ ಕಲ್ಲು ಮಾಡಿಕೊಟ್ಟೆ. ಅಮ್ಮನ್ನ ಇನ್ನೆಷ್ಟು ದಿನ ಹೆಸರಿಲ್ದೆ ಬಿಡ್ತೀಯ?”

ರಿಕವರಿ ಡಿಸ್ಕ್ ಹುಡುಕೋಣ ಬಾ ಎಂದೆ.

ಬೀರು ತೆಗೆದು ಹುಡುಕಿದೆವು. ಮೂರು ಡಿಸ್ಕ್. ಲ್ಯಾಪ್‌ಟಾಪ್ ತಂದ ಹೊಸದರಲ್ಲಿ ಹೆಂಡತಿಯೇ ಮಾಡಿಟ್ಟಿದ್ದು. ಮೇಲೆ ಮಾರ್ಕರಿನಲ್ಲಿ ಬರೆದಿದ್ದಾಳೆ: “ಇದು ಮೊದಲು.” “ಆಮೇಲೆ ಇದು.” “ಕೊನೆಗೆ ಇದು, ಅವಸರ ಬೇಡ.” ಅವಸರ ಬೇಡ ಅನ್ನುವುದು ನನಗೇ. ಅನುಮಾನವೇ ಇಲ್ಲ.

ಫೆಬ್ರವರಿ 20, ಗುರುವಾರ

ಮೊದಲನೇ ಡಿಸ್ಕ್ ಹಾಕಿದೆವು. ಗರಗರ ಅಂತು. ಪರದೆಯ ಮೇಲೆ ಬಂದದ್ದನ್ನು ಮಗಳು ಓದಿದಳು — ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಬೇಕೇ?

“ನೀನೇ ಒತ್ತು ಅಪ್ಪ. ನನ್ನ ಕೈಲಾಗಲ್ಲ.”

ಒತ್ತಿದೆ. ಅವಳನ್ನು ಇನ್ನೊಂದು ಸಲ ಕಳಿಸಿಕೊಟ್ಟ ಹಾಗಾಯಿತು.

ಎರಡನೆಯದು ಕೇಳಿತು, ಕೊಟ್ಟೆವು. ಮೂರನೆಯದಕ್ಕೆ ಬಹಳ ಹೊತ್ತು ಹಿಡಿಯಿತು. ಅವಸರ ಮಾಡಲಿಲ್ಲ. ಸಂಜೆ ಹೊತ್ತಿಗೆ ಪರದೆ ಬೆಳಗಿತು. ಮೆಷಿನ್ನಿನ ಸಾಫ್ಟ್‌ವೇರ್ ಹಾಕಿ ವೈರ್ ಜೋಡಿಸಿದರೆ, ಉಳಿ ಎದ್ದು ತನ್ನ ಜಾಗದಲ್ಲಿ ನಿಂತಿತು. ಓಡಿತು!

ಮಗಳು ಅಮ್ಮನ ಹೆಸರು ಟೈಪ್ ಮಾಡಿದಳು. ಯಾವುದೋ ಆಫೀಸಿನ ಬೋರ್ಡಿನ ಅಕ್ಷರ. ನೋಡುತ್ತಾ ನೋಡುತ್ತಾ ಅವಳೇ ಅಂದಳು — “ಇದು ಅಮ್ಮ ಅಲ್ಲ.” ಇಬ್ಬರೂ ಅಲ್ಲೇ ಕೂತು ಅತ್ತೆವು.

ಫೆಬ್ರವರಿ 27, ಗುರುವಾರ

ಸ್ಮಶಾನದಲ್ಲಿ ಅವಳ ಹತ್ತಿರ ಸುಮ್ಮನೆ ಕೂತಿದ್ದೆ. ಎದುರಿಗೆ ನಮ್ಮೂರಿನ ಟೈಲರನ ಕಲ್ಲು. ಆಚೆ ಟೀಚರಮ್ಮನದು. ಎಲ್ಲ ನಾನು ಕೆತ್ತಿದ್ದು, ಅವಳು ಬರೆದದ್ದು.

ನಾನೊಬ್ಬ ಪೆದ್ದ. ಲ್ಯಾಪ್‌ಟಾಪಿನಿಂದ ಹೋದರೆ ಏನಂತೆ, ಕಲ್ಲಿನಿಂದ ಎಲ್ಲಿ ಹೋದೀತು? ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಅಕ್ಷರ ಹಾಗೇ ಎದ್ದು ಬರುತ್ತದೆ. ಮನೆಗೆ ಬಂದು ಹೇಳಿದೆ. ಅದರ ಫೋಟೋ ತೆಗೆದು, ಗೆರೆಯ ಮೇಲೆ ಗೆರೆ ಎಳೆದು ಲ್ಯಾಪ್‌ಟಾಪಿಗೆ ಹಾಕಬಹುದು ಎಂದಳು ಮಗಳು.

ಮಾರ್ಚ್ 2, ಭಾನುವಾರ

ಹೆಸರಿನ ಮೊದಲ ಅಕ್ಷರ ಟೈಲರನ ಕಲ್ಲಿನಿಂದ. ಕೊನೆಯದು ಟೀಚರಮ್ಮನಿಂದ — “ಒಂದು ಅಕ್ಷರ ಸಾಲ ಕೊಡಿ ಟೀಚರಮ್ಮ, ಪರಿಚಯದವಳಿಗೇ” ಎಂದೆ. ಕಾವಲಿನವನು ಗೇಟಿನಿಂದ ವಿಚಿತ್ರವಾಗಿ ನೋಡುತ್ತಿದ್ದ.

ನಡುವಿನದು ‘ಜ್ಞಾ’. ಎಲ್ಲ ಸಾಲೂ ತಿರುಗಿದೆ. ಯಾರ ಹೆಸರಲ್ಲೂ ಇಲ್ಲ.

ಮಾರ್ಚ್ 9, ಭಾನುವಾರ

ಒಂದು ಕಡೆ ಇದೆ. ಮೊದಲ ದಿನವೇ ಗೊತ್ತಿತ್ತು. ಬೇರೆ ಕಡೆ ಸಿಗಲಿ ಅಂತ ವಾರವಿಡೀ ಅಲೆದೆ.

ನಮ್ಮ ಅತ್ತೆಯ ಕಲ್ಲು. ಈ ಲ್ಯಾಪ್‌ಟಾಪಿನಲ್ಲಿ ಅವಳು ಮಾಡಿದ ಮೊಟ್ಟಮೊದಲ ಕೆಲಸ, ತನ್ನ ತಾಯಿಯ ಹೆಸರು. ಕೈ ಪಳಗಿರಲಿಲ್ಲ. ‘ಜ್ಞಾ’ದ ಒತ್ತು ಎಡಕ್ಕೆ ಜಾರಿದೆ. ಬಂದಾಗಲೆಲ್ಲ ಅವಳದು ಅದೇ ಮಾತು — “ಆ ಕಲ್ಲು ಬದಲಾಯಿಸೋಣ. ಕೆಲಸ ಗೊತ್ತಿರೋರು ನೋಡಿದ್ರೆ ನನ್ನ ಮಾನ ಹೋಗತ್ತೆ.” ಮುಂದಿನ ವರ್ಷ ಅನ್ನುತ್ತಿದ್ದೆ.

ಉಜ್ಜಿಕೊಂಡು ಬಂದೆ.

ಮಾರ್ಚ್ 10, ಸೋಮವಾರ, ಸಂಜೆ

ಮೂರೂ ಅಕ್ಷರ ಪರದೆಯ ಮೇಲೆ ಪಕ್ಕಪಕ್ಕ. ಅವಳೇ. ನಡುವಿನದೊಂದು ಮಾತ್ರ ಸೊಟ್ಟ.

“ನೆಟ್ಟಗೆ ಮಾಡ್ಲಾ ಅಪ್ಪ? ಒಂದ್ನಿಮಿಷದ ಕೆಲಸ.”

“ಬೇಡ. ಅವಳು ಮಾಡಿದ ಹಾಗೇ ಇರ್ಲಿ.”

“ಅಮ್ಮ ಸುಮ್ನೆ ಬಿಡಲ್ಲ. ಚೆನ್ನಾಗಿ ಬೈತಾಳೆ.”

ಗೊತ್ತು. ತನ್ನ ಕಲ್ಲಿನ ಮೇಲೇ ಇಂಥದ್ದು ಅಂದರೆ ಕೇಳಬೇಕೇ? ಕಲ್ಲು ಏರಿಸಿದ್ದೇನೆ. ಮೆಷಿನ್ ಶುರುವಾಗಿದೆ. ಮೊದಲ ಅಕ್ಷರ ಮುಗಿಯುತ್ತಾ ಬಂತು. ಇನ್ನು ಆ ‘ಜ್ಞಾ’.

ಬೈಯಲಿ. ಒಂದೇ ಒಂದು ಸಲ ಬಾಗಿಲಲ್ಲಿ ಬಂದು ನಿಂತು, ಸೊಂಟಕ್ಕೆ ಕೈ ಕೊಟ್ಟು, ರೀ ಏನಿದು ಅಂತ…