ಎಕ್ಸ್‌ರೇಗೆ ಸಿಕ್ಕದ ಗಂಟು

ಕಾರ್ಗಲ್
ನವೆಂಬರ್ ೧೨, ೧೯೮೯

ಮುದ್ದು ಮಹಾಲಕ್ಷ್ಮೀ,

ನಿನ್ನ ಕಾಗದಗಳಿಗೆ ಉತ್ತರ ಬರೆಯದ ಚಿಕ್ಕಮ್ಮನ ಮೇಲೆ ಸಿಟ್ಟಾಗಿದ್ದರೆ ಅದು ನ್ಯಾಯವೇ. ಬಲಗೈ ಎತ್ತಲು ಆಗುತ್ತಿರಲಿಲ್ಲ. ನಿನ್ನ ಚಿಕ್ಕಪ್ಪ "ನೀ ಹೇಳು, ನಾ ಬರೀತೀನಿ" ಅಂದರು. ಇನ್ನೊಬ್ಬರ ಕೈಯಲ್ಲಿ ಬರೆಸುವ ವಿಷಯವಲ್ಲವೆಂದು ಕಾದೆ.

ನನಗೆ ಕ್ಯಾನ್ಸರ್ ಆಗಿತ್ತು. ಹೆದರಬೇಡ, ಮುಂದೆ ಓದು. ಮಳೆಗಾಲದಲ್ಲಿ ಕಂಕುಳಲ್ಲೊಂದು ಗಂಟು ಕಾಣಿಸಿತು. ಚೂರು ತೆಗೆದು ಪರೀಕ್ಷಿಸಿ, ರೋಗದ ಬೇರು ಮೊಲೆಯಲ್ಲಿರಬೇಕು ಎಂದರು ಡಾಕ್ಟರು. ಆದರೆ ಕೈಗೂ ತಗುಲದು, ಎಕ್ಸ್‌ರೇಯಲ್ಲೂ ಕಾಣದು. ಇಂಥದ್ದು ಬಲು ಅಪರೂಪವಂತೆ. ಮದರಾಸಿಗೆ ಎಂ.ಆರ್.ಐ. ಎಂಬ ಹೊಸ ಯಂತ್ರ ಬಂದಿದೆ, ಅಯಸ್ಕಾಂತದಿಂದ ಮೈಯೊಳಗಿನ ಚಿತ್ರ ತೆಗೆಯುತ್ತದೆ, ಮೊಲೆಗೆ ಬಳಸುವುದು ಇನ್ನೂ ಪ್ರಯೋಗವೇ, ನೋಡುತ್ತೀರಾ ಎಂದರು. ಹೋದೆವು.

ಮೈಮೇಲೆ ಲೋಹವಿರಬಾರದಂತೆ. ಮೂಗುಬೊಟ್ಟು ಬಿಚ್ಚಿದೆ, ಕರಿಮಣಿಗೆ ಕೈ ಏಳಲಿಲ್ಲ. "ಗಂಡ ಗುಂಡುಕಲ್ಲಿನ ಹಂಗೆ ಎದ್ರಿಗೇ ನಿಂತಿದೀನಲ್ಲೇ, ತೆಗಿಯೇ ಮಾರಾಯ್ತಿ" ಅಂದರು ಚಿಕ್ಕಪ್ಪ. ನಗು ಬಂತು. ತೆಗೆದು ಅವರ ಕೈಗೇ ಕೊಟ್ಟೆ. ತೋಳಿಗೆ ಔಷಧಿ ಚುಚ್ಚಿ, ಬೋರಲು ಮಲಗಿಸಿ, ಕೊಳವೆಯೊಳಗೆ ನೂಕಿದರು. ತಗಡಿಗೆ ಸುತ್ತಿಗೆ ಬಡಿದ ಹಾಗೆ ಸದ್ದು. ಅಲ್ಲಿಯ ಡಾಕ್ಟರು ಮಂಗಳೂರಿನವರು. ಆಮೇಲೆ ಚಿತ್ರದಲ್ಲಿ ಹುರುಳಿಕಾಳಿನಷ್ಟು ಬಿಳಿ ಚುಕ್ಕೆ ತೋರಿಸಿದರು.

"ಸಿಕ್ಬಿಟ್ನಲ್ಲ ಕಳ್ಳ!" ಎಂದೆ. ಅವರೂ ನಕ್ಕರು.

ಆಪರೇಷನ್ ಆಯಿತು. ಒಂದು ಮೊಲೆ ಹೋಯಿತು, ನಾನು ಉಳಿದೆ. ಪಕ್ಕದ ಕ್ವಾರ್ಟರ್ಸಿನ ಕೆರಿಯಮ್ಮ "ಏನಾಗಿತ್ರೀ?" ಎಂದು ಪಿಸುಗುಟ್ಟಿದರೆ ರೋಗದ ಹೆಸರು ಹಿಡಿದೇ ಹೇಳುತ್ತೇನೆ. ಮುಚ್ಚಿಡಲು ನಾನೇನು ಕದ್ದಿದ್ದೇನೆಯೇ?

ನೀನೂ ನಾಚದೆ ಡಾಕ್ಟರಿಗೆ ತೋರಿಸಬೇಕು. ತೀರ್ಥಹಳ್ಳಿಗೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ, ನೆಪ ಹೇಳಬೇಡ. ನೂರು ವರ್ಷ ಗಟ್ಟಿಯಾಗಿ ಬಾಳು, ಕಂದಾ.

ನಿನ್ನವಳೇ ಆದ ಚಿಕ್ಕಮ್ಮ,
ಮೂಕಾಂಬಿಕಾ

ಮತ್ತೆ ಬರೆದದ್ದು: ಇದನ್ನು ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ನಿನ್ನ ಅಮ್ಮ, ನನ್ನ ಒಡಹುಟ್ಟಿದ ಹೂವಕ್ಕನಿಗೂ ಕಂಕುಳಲ್ಲಿ ಇಂಥದೇ ಗಂಟು ಎದ್ದಿತ್ತು. ಮೊಲೆಯಲ್ಲಿ ಏನೂ ಕಾಣದ್ದಕ್ಕೆ ಕ್ಷಯವೆಂದು ಔಷಧಿ ಕೊಟ್ಟರು. ಆಗ ನೀನಿನ್ನೂ ಚಿಕ್ಕವಳು. ಅಂಟೀತೆಂದು ಹುಲಿಕಲ್ಲಿನ ಮನೆಯಲ್ಲಿ ಹಿರಿಯರು ನಿನ್ನನ್ನು ಅವಳ ಕೊನೆಯುಸಿರಿನವರೆಗೂ ಕೋಣೆಗೆ ಬಿಡಲಿಲ್ಲ. ಮದರಾಸಿನ ಡಾಕ್ಟರಿಗೆ ಎಲ್ಲ ಹೇಳಿದೆ. "ಅವರಿಗೂ ನಿಮ್ಮದೇ ಕಾಯಿಲೆ ಇದ್ದಿರಬೇಕು" ಎಂದರು. "ಅಮ್ಮ ನನ್ನನ್ನು ಯಾಕೆ ಒಮ್ಮೆಯೂ ಕರೆಯಲಿಲ್ಲ?" ಎಂದು ನೀನು ಕೇಳುತ್ತಿದ್ದೆಯಲ್ಲ? ಕರೆಯುತ್ತಿದ್ದಳು ಮಗಳೇ. ನಿನಗೆ ಕೇಳಬಾರದೆಂದು ಬಾಗಿಲು ಹಾಕುತ್ತಿದ್ದರು. ಅಂಟುವ ರೋಗವಾಗಿರಲಿಲ್ಲ ಅದು. ನೀನು ಅವಳ ಮಗ್ಗುಲಲ್ಲೇ ಮಲಗಬಹುದಿತ್ತು.