ನಾಳೆ ಬಾ

ಬ್ಯಾಲಿನ್‌ಕೊಲಿಗ್, ಐರ್ಲೆಂಡ್
೧೨ ಸೆಪ್ಟೆಂಬರ್ ೨೦೨೧

ಕಾಮ್ರೇಡ್ ಪತಿದೇವರಿಗೆ,

ನಾನು ಕ್ಷೇಮ. ನಿಮ್ಮ ಪತ್ರ ಬಂದು ತಿಂಗಳಾಯಿತು, ತಡವಾಯಿತೆಂದು ಬೈಯಬೇಡಿ. ತಡ ಮಾಡುವುದನ್ನು ನಿಮ್ಮಿಂದಲೇ ಕಲಿತದ್ದು. ಫೋನಿನಲ್ಲಿ ಹೇಳಬಹುದಿತ್ತು, ಆದರೆ ಅಲ್ಲಿ ನನ್ನ ವಾಕ್ಯ ಮುಗಿಯುವ ಮೊದಲೇ ನಿಮ್ಮ ಭಾಷಣ ಶುರುವಾಗುತ್ತದೆ.

ನಾನು ಕೆಲಸ ಮಾಡುವ ನರ್ಸಿಂಗ್ ಹೋಮಿನಲ್ಲಿ ಈಗ ಸಾವು ಕಡಿಮೆ. ಮುದುಕರಿಗೆಲ್ಲ ಲಸಿಕೆ ಆಗಿದೆ, ಹೇಗಿದ್ದೀರಿ ಎಂದರೆ 'ಗ್ರ್ಯಾಂಡ್' ಎನ್ನುತ್ತ ಚಹಾ ಕುಡಿಯುತ್ತಾರೆ.

ನೀವು ಕಳಿಸಿದ ಕ್ಯೂಬಾ ಲೇಖನ ಓದಿದೆ. ಅಲ್ಲಿನ ಕಮ್ಯುನಿಸ್ಟ್ ಸರ್ಕಾರ ಹಂತ ಹಂತವಾಗಿ ಸುಧಾರಿಸುತ್ತಿದೆ, ಅವಸರ ಮಾಡುವವರು ಕ್ರಾಂತಿಯ ಶತ್ರುಗಳು ಎಂದು ಬರೆದಿದ್ದೀರಿ. ನನ್ನ ಜೊತೆ ಮನೆ ಹಂಚಿಕೊಂಡಿರುವ ಮಿರ್ತಾ ಕ್ಯೂಬಾದ ಹವಾನದವಳೇ, ಅವಳಿಗೂ ಅರ್ಥ ಹೇಳಿದೆ. ಅವಳ ಅಪ್ಪ ಬಡಗಿ. ಸ್ವಂತ ಕಂಪನಿ ಮಾಡಬೇಕೆಂದು ಹೆಸರಿನ ಬೋರ್ಡು ಕೆತ್ತಿ, ಅನುಮತಿ ಸಿಗುವವರೆಗೆ ಗೋಡೆಗೆ ಮುಖ ಮಾಡಿಸಿ ಇಟ್ಟಿದ್ದನಂತೆ. ಮಿರ್ತಾ ಆಗ ಶಾಲೆಯ ಹುಡುಗಿ. ಸಣ್ಣ ಕಂಪನಿಗಳಿಗೆ ಸರ್ಕಾರ ಹೂಂ ಅಂದದ್ದು ಕಳೆದ ತಿಂಗಳು. ಅಪ್ಪ ಜುಲೈಯಲ್ಲೇ ಕೋವಿಡ್‌ಗೆ ಹೋದ.

ಅವಳ ಇಂಗ್ಲಿಷನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ, "ನಿನ್ ಗಂಡ ಒಳ್ಳೇವ್ರು ಕಣೆ. ಬೇರೆಯವ್ರ ಆಯಸ್ಸಲ್ಲಿ ಎಷ್ಟು ತಾಳ್ಮೆ ಅವ್ರಿಗೆ."

ನಾನು ಶ್ರೀರಾಂಪುರದ ನಮ್ಮ ಬಾಗಿಲಿನ ಕಥೆ ಹೇಳಿದೆ. ಮನೆಯವರ ದನಿಯಲ್ಲೇ ಕರೆಯುವ ದೆವ್ವ ಓದಿಕೊಂಡು ವಾಪಸ್ ಹೋಗಲೆಂದು ಅತ್ತೆ ಸೀಮೆಸುಣ್ಣದಲ್ಲಿ 'ನಾಳೆ ಬಾ' ಎಂದು ಬರೆಯುತ್ತಿದ್ದರು. ನೀವು ಮೂಢನಂಬಿಕೆ ಎಂದು ಒರೆಸುತ್ತಿದ್ದಿರಿ. ಮಿರ್ತಾ ನಕ್ಕೂ ನಕ್ಕೂ ಕೊನೆಗೆ ಅತ್ತಳು. "ನಮ್ ಸರ್ಕಾರ ನಿಮ್ಮತ್ತೆ ಹತ್ರಾನೇ ಪಾಠ ಹೇಳಿಸ್ಕೊಂಡಿರ್ಬೇಕು" ಎಂದಳು. ನನ್ನಿಂದ ಅಕ್ಷರ ಬರೆಸಿಕೊಂಡು, ನೋಡಿ ನೋಡಿ ಇಲ್ಲಿನ ನಮ್ಮ ಬಾಗಿಲ ಮೇಲೂ ಬರೆದಳು. 'ಳೆ' ಸೊಟ್ಟಗಾಯಿತು.

ನನಗೆ ನಗು ಬರಲಿಲ್ಲ. ನೀವು ಒರೆಸಿದ್ದು ಸುಣ್ಣವನ್ನಷ್ಟೇ. ಮದುವೆಯಾದಾಗಿನಿಂದ ನಾನು ಕೇಳಿದ್ದು ಒಂದೇ, ಒಂದು ಮಗು. ಮೊದಲು ಚಳವಳಿ ಎಂದಿರಿ, ಆಮೇಲೆ ಪುಸ್ತಕ, ಆಮೇಲೆ ಲಾಕ್‌ಡೌನ್. "ಎಲ್ಲಾ ಹಂತ ಹಂತವಾಗಿ ಆಗ್ಬೇಕು, ಕಮಲಾ" ಎನ್ನುತ್ತಿದ್ದಿರಿ.

ಈಗ ವಿಮಾನ ಬಿಟ್ಟಿದ್ದಾರೆ, ಕ್ರಿಸ್‌ಮಸ್‌ಗೆ ಬರುತ್ತೇನೆ, ಮಗುವಿನ ವಿಚಾರ ಯೋಚಿಸೋಣ ಎಂದು ಬರೆದಿದ್ದೀರಿ. ಸಂತೋಷ. ಅತ್ತೆಗೆ ನನ್ನ ನಮಸ್ಕಾರ ತಿಳಿಸಿ. ನಿಮಗೂ ನಿಮ್ಮ ಸುಧಾರಣೆಗಳಿಗೂ ದೀರ್ಘಾಯುಷ್ಯವಾಗಲಿ.

ನಿಮ್ಮ
ಕಮಲಾ

ತಾ.ಕ.: ನನ್ನ ಮುಟ್ಟು ನಿಂತು ವರ್ಷವಾಯಿತು. ಇನ್ನು ಆಸೆ ಇಟ್ಟುಕೊಳ್ಳಬೇಡಿ ಎಂದು ಇಲ್ಲಿನ ಡಾಕ್ಟರು ಹೇಳಿದರು. ಇಷ್ಟು ವರ್ಷ ನನ್ನ ಬಾಗಿಲಿಗೆ ಬಂದು ಅಮ್ಮಾ ಎಂದು ಕರೆದದ್ದು ದೆವ್ವವಲ್ಲ. ನೀವು ಬರೆದದ್ದನ್ನು ದಿನಾ ಓದಿಕೊಂಡು ಹೋಗಿ, ಈಗ ಬರುವುದನ್ನೇ ಬಿಟ್ಟಿದೆ. ಕ್ರಿಸ್‌ಮಸ್‌ಗೆ ಬಂದರೆ ಬಾಗಿಲು ನೋಡಿ. ಮಿರ್ತಾ ಬರೆದದ್ದನ್ನು ಒರೆಸಿಲ್ಲ, ಸೊಟ್ಟ 'ಳೆ'ಯನ್ನು ನಾನೇ ತಿದ್ದಿದ್ದೇನೆ.