ಮೋಡದ ನೆತ್ತಿ ನೋಡುವವರಿಗೆ

ಹವಾಮಾನ ಕಚೇರಿಯ ಹಿರಿಯ ಅಧಿಕಾರಿಗಳಿಗೆ,

ಮಾನ್ಯರೇ, ನಮ್ಮೂರಿನಲ್ಲಿ ಈಗ ಬೆಳಗಾದದ್ದೇ ತಿಳಿಯುತ್ತಿಲ್ಲ. ಕೂಗುವುದಕ್ಕೆ ಒಂದು ಹುಂಜವೂ ಉಳಿದಿಲ್ಲ. ಅದಕ್ಕೆ ನೀವೇ ಕಾರಣ.

ಬಿಡಿಸಿ ಹೇಳುತ್ತೇನೆ. ಶ್ರೀಕಾಕುಳಂ ಕಡಲ ದಂಡೆಯ ನಮ್ಮ ಬೆಸ್ತರ ಕೇರಿಯಲ್ಲಿ ತುಫಾನಿನ ಎಚ್ಚರಿಕೆ ಬಂದರೆ ಮೊದಲು ಹೊರಡುವವಳು ನಮ್ಮ ಕುಲದೇವತೆ ಗಂಗಮ್ಮ ತಾಯಿ. ಅವಳು ನೆಲೆಸಿರುವ ಗಡಿಗೆಯನ್ನು ತಲೆಯ ಮೇಲೆ ಹೊತ್ತು, ತುಫಾನಿನಲ್ಲಿ ಆಸರೆಗೆಂದು ಸರ್ಕಾರ ಕಟ್ಟಿಸಿದ ಕಟ್ಟಡದ ಮಹಡಿಗೆ ಏರಿಸುವ ಸೇವೆ ನನ್ನದು. ತಾಯಿ ಹೊರಟರೆ ಊರೆಲ್ಲ ಹಿಂದೆ ಬರುತ್ತದೆ. ಹೊರಡದಿದ್ದರೆ ಪೊಲೀಸರು ಲಾಠಿ ಕುಟ್ಟಿದರೂ ಒಬ್ಬರೂ ಕದಲುವುದಿಲ್ಲ. ಹಾಗೆ ಹೊಸ್ತಿಲು ದಾಟಿದ ತಾಯಿಯನ್ನು ಸುಮ್ಮನೆ ಮರಳಿ ತರುವಂತಿಲ್ಲ. ಮನೆಗೊಂದು ಹುಂಜ ಬಲಿ ಕೊಟ್ಟು, ಸಮಾಧಾನ ಮಾಡಿಯೇ ಕರೆತರಬೇಕು. ಈ ವರ್ಷ ನೀವು ಮೇಲಿಂದ ಮೇಲೆ ಎಚ್ಚರಿಸಿದಿರಿ. ಪ್ರತಿ ಸಲವೂ ನಾವು ಮಹಡಿಯ ಮೇಲೆ ಕುಳಿತು, ಪುಳಿಯೋಗರೆ ತಿನ್ನುತ್ತಾ, ಹಾಯಾಗಿ ಬಿಸಿಲು ಕಾಯಿಸಿದೆವು. ಹುಂಜಗಳ ಪಾಪ ಯಾರ ತಲೆಗೆ?

ನೀವು ತುಫಾನು ಕಾಯಲು ಮೇಲೆ ಬಿಟ್ಟಿರುವ ಉಪಗ್ರಹವನ್ನು ನಾನು ಹೀಗಳೆಯುವವಳಲ್ಲ. ನನ್ನ ಹೆತ್ತಮ್ಮನ ಕಾಲದಲ್ಲಿ ಹೇಳದೆ ಕೇಳದೆ ಬಂದ ತುಫಾನು ಅರ್ಧ ಕೇರಿಯನ್ನು ಒಯ್ದಿತ್ತು. ಮೇಲಿನಿಂದ ಕಾಯುವ ಕಣ್ಣು ದೇವರು ಕೊಟ್ಟ ವರವೇ ಸರಿ. ಆದರೆ ಆ ಕಣ್ಣಿಗೆ ಕಾಣುವುದೇನು? ತಿಳಿವಳಿಕೆ ಕೊಡಲು ಬಂದಿದ್ದ ನಿಮ್ಮ ಕಚೇರಿಯವರೊಬ್ಬರು ಹೇಳಿದರು: ಅದು ನೋಡುವುದು ಮೋಡದ ನೆತ್ತಿಯನ್ನಂತೆ. ಕತ್ತಲಲ್ಲಿ ಅದರ ಬಿಸಿ ಎಷ್ಟು, ತಂಪು ಎಷ್ಟು ಎಂದು ಅಳೆಯುತ್ತದಂತೆ. ನೆತ್ತಿ ತಣ್ಣಗಿದ್ದಷ್ಟೂ ಮೋಡ ಎತ್ತರವಂತೆ.

"ಹಂಗಾದ್ರೆ ಕೆಳಗೆ ಮಳೆ ಸುರೀತದೋ ಇಲ್ವೋ, ಅದಕ್ಕೆ ಹೆಂಗೆ ಗೊತ್ತಾಗ್ತದೆ ಬಾಬೂ?" ಎಂದೆ.

"ಬೇರೆ ಯಂತ್ರಗಳನ್ನೂ ನೋಡ್ತೀವಮ್ಮಾ. ಆದ್ರೂ ಸ್ವಲ್ಪ ಅಂದಾಜೇ. ಮೇಲಿರೋ ತೆಳು ಮೋಡಾನೂ ತಣ್ಣಗಿರ್ತದೆ, ಅದ್ರಲ್ಲಿ ಮಳೆ ಇರಲ್ಲ. ಒಂದೊಂದ್ಸಲ ತಪ್ತದೆ."

ನನ್ನ ಓರಗಿತ್ತಿ ಪೋಲಮ್ಮ ಬಿಡುತ್ತಾಳೆಯೇ? "ನಮ್ಮನೇರೂ ಹಂಗೇ ಕಣ್ರೀ! ಮಡಕೆ ಮುಚ್ಚಳ ನೋಡೇ ಸಾರಿಗೆ ಉಪ್ಪು ಕಮ್ಮಿ ಅಂತಾರೆ!"

ಎಲ್ಲರೂ ನಕ್ಕರು, ಅವರೂ ನಕ್ಕರು, ಚಹಾ ಕುಡಿದು ಜೀಪು ಹತ್ತಿದರು.

ಆ 'ಅಂದಾಜು' ಎಂಬ ಮಾತು ನಿಮ್ಮ ಎಚ್ಚರಿಕೆಯಲ್ಲಿ ಏಕಿಲ್ಲ ಸ್ವಾಮೀ? ನಾವು ಕಡಲಿಗಿಳಿಯುವ ಜನ, ಅಂದಾಜಿನ ಮೇಲೆಯೇ ಬದುಕಿದವರು. ಗೊತ್ತಿಲ್ಲ ಎಂದರೆ ನಿಮ್ಮನ್ನು ಹೀನಾಯ ಮಾಡುವುದಿಲ್ಲ. ತಪ್ಪಿದ ಮೇಲೂ ತಪ್ಪಿತು ಎನ್ನದವರನ್ನು ಎಷ್ಟು ದಿನ ನಂಬುವುದು?

ಈಗ ನೋಡಿ, ಫೋನಿನಲ್ಲಿ ಬರುವ ನಿಮ್ಮ ಎಚ್ಚರಿಕೆಯ ಮಾತಿಗೆ ಇನ್ನು ತಾಯಿಯನ್ನು ಎಬ್ಬಿಸಬಾರದೆಂದು ಕುಲದ ಹಿರಿಯರು ತೀರ್ಮಾನಿಸಿದ್ದಾರೆ. ಪೋಲಮ್ಮನೂ, "ಮುಂದಿನ್ಸಲ ನೀನೊಬ್ಳೇ ಹೋಗು ನೂಕಾ. ನನ್ಹತ್ರ ಉಳಿದಿರೋದು ಒಂದು ಹೇಂಟೆ, ಅದನ್ನೂ ಕೊಡ್ಲಾ?" ಎಂದುಬಿಟ್ಟಳು. ಅವಳ ಮನೆ ಎಲ್ಲರಿಗಿಂತ ನೀರಿಗೆ ಹತ್ತಿರ. ನಿಜವಾದ ತುಫಾನು ಬಂದ ದಿನ ಅವಳು ಬಾಗಿಲು ಹಾಕಿಕೊಂಡು ಮಲಗಿದರೆ?

ಆದ್ದರಿಂದ ಕೇಳುತ್ತೇನೆ. ಕಂಡದ್ದನ್ನು ಕಂಡೆವು ಎನ್ನಿ, ಊಹಿಸಿದ್ದನ್ನು ಊಹೆ ಎನ್ನಿ, ತಪ್ಪಿದರೆ ಮರುದಿನವೇ ತಪ್ಪಿತು ಎನ್ನಿ. ಹಿರಿಯರು ಬೇಡವೆಂದರೂ ನಾನು ಗಡಿಗೆ ಎತ್ತುತ್ತೇನೆ. ತಾಯಿಯ ಸೇವೆಗೆ ಅಡ್ಡ ನಿಲ್ಲುವ ಗಂಡಸು ನಮ್ಮ ಕೇರಿಯಲ್ಲಿ ಇನ್ನೂ ಹುಟ್ಟಿಲ್ಲ. ಆದರೆ ಗಡಿಗೆ ಹೊತ್ತವಳು ಹಿಂತಿರುಗಿ ನೋಡಬಾರದು. ಬೆನ್ನ ಹಿಂದೆ ಪೋಲಮ್ಮನ ಹೆಜ್ಜೆ ಸಪ್ಪಳ ನನಗೆ ಕೇಳಿಸುವಂತೆ ಮಾಡಬೇಕಾದವರು ನೀವು.

ಇಂತಿ,
ನಿಮ್ಮ ಮಾತನ್ನು ಇನ್ನೂ ನಂಬುತ್ತಿರುವ, ಕೇರಿಯಲ್ಲಿ ಉಳಿದ ಒಬ್ಬಳೇ ಒಬ್ಬಳು,
ಮೈಲಪಿಲ್ಲಿ ನೂಕಮ್ಮ